ಗುಂಪು ಕಟ್ಟುವ ಸುಖ

ಪ್ರಾಜೆಕ್ಟುಗಳನ್ನು ಗುಂಪುಗುಂಪಾಗಿ ಜೋಡಿಸುವುದೆಂದರೆ ನನಗೆ ಪಂಚಪ್ರಾಣ. ನಮ್ಮದು ಪುಸ್ತಕ ಪ್ರಕಾಶನದ ಕೆಲಸ. ರೆಡ್‌ಮೈನ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದೊಂದು ಪುಸ್ತಕವೂ ಒಂದೊಂದು ಪ್ರಾಜೆಕ್ಟು; ಕರಡು ತಿದ್ದುವುದು, ಮುಖಪುಟ, ಐಎಸ್‌ಬಿಎನ್, ಅಚ್ಚು, ಎಲ್ಲವೂ ಅದರೊಳಗಿನ ಕೆಲಸಗಳು. ನಾಲ್ಕೈದು ಪುಸ್ತಕಗಳಿರುವಾಗ ಗುಂಪಿನ ಮಾತೇ ಏಳುವುದಿಲ್ಲ. ಪಟ್ಟಿ ಬೆಳೆದು ಪರದೆ ದಾಟಿತೋ, ನನ್ನ ಕೈ ಸುಮ್ಮನಿರುವುದಿಲ್ಲ. ಲೇಖಕವಾರು ಇಡಲೇ, ವರ್ಷವಾರು ಇಡಲೇ, ಕಥೆ–ಕಾದಂಬರಿ–ನಾಟಕ ಎಂದು ಬಿಡಿಸಲೇ?

ರೆಡ್‌ಮೈನ್ 2006ರಲ್ಲಿ ಬಂದದ್ದು. ಅದರಲ್ಲಿ ಒಂದು ಪ್ರಾಜೆಕ್ಟಿನ ಕೆಳಗೆ ಇನ್ನೊಂದನ್ನು, ಅದರ ಕೆಳಗೆ ಮತ್ತೊಂದನ್ನು ಇಡಬಹುದು. ‘ಮಕ್ಕಳ ಪುಸ್ತಕಗಳು’ ಎಂಬ ತಾಯಿ ಪ್ರಾಜೆಕ್ಟು ತೆರೆದರೆ ಒಳಗಿನ ಪುಸ್ತಕಗಳ ಬಾಕಿ ಕೆಲಸಗಳೆಲ್ಲ ಒಂದೇ ಪಟ್ಟಿಯಲ್ಲಿ ಎದುರು ನಿಲ್ಲುತ್ತವೆ. ಮರಿ ಪ್ರಾಜೆಕ್ಟಿನ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿದರೆ ತಾಯಿಯ ಸದಸ್ಯರೆಲ್ಲ ಅದಕ್ಕೂ ಸದಸ್ಯರು. ಆ ಪುಟ್ಟ ಚೌಕದ ಮೇಲೆ ನನಗೆ ಬಹಳ ಪ್ರೀತಿ. ಹೊಸ ಚಿತ್ರಕಾರರೊಬ್ಬರನ್ನು ತಾಯಿಗೆ ಸೇರಿಸಿದ ಗಳಿಗೆಯಲ್ಲೇ ಹಾಗೆ ಟಿಕ್ ಹಾಕಿದ ಎಲ್ಲ ಪುಸ್ತಕಗಳ ಹಸ್ತಪ್ರತಿಯೂ ಅವರಿಗೆ ಕಾಣುತ್ತದೆ. ಅಂದಮೇಲೆ ಗುಂಪು ಬರೀ ಕಣ್ಣಿಗೆ ಚೆಂದ ಕಾಣಲೆಂದು ಮಾಡುವುದಲ್ಲ; ಯಾರಿಗೆ ಯಾವ ಬಾಗಿಲು ತೆರೆಯಬೇಕೆಂಬುದು ಅಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದಲೇ ನಾನು ಲೇಖಕವಾರು ವಿಂಗಡಣೆ ಕೈಬಿಟ್ಟು, ಜೊತೆಗೂಡಿ ದುಡಿಯುವವರನ್ನು ನೋಡಿ ಗುಂಪು ಕಟ್ಟುತ್ತೇನೆ.

ತೊಡಕು ಇಲ್ಲದಿಲ್ಲ. ಇಲ್ಲಿ ಒಂದು ಪ್ರಾಜೆಕ್ಟಿಗೆ ತಾಯಿ ಒಬ್ಬಳೇ. ಮಕ್ಕಳಿಗಾಗಿ ಅನುವಾದಿಸಿದ ವಿಜ್ಞಾನ ನಾಟಕ ಎಲ್ಲಿಗೆ ಸೇರಬೇಕು? ಗ್ರಂಥಪಾಲಕರಿಗೆ ಇದು ಹಳೆಯ ತಲೆನೋವು. ಕಪಾಟಿನಲ್ಲಿ ಪುಸ್ತಕದ ಒಂದು ಪ್ರತಿಗೆ ಒಂದೇ ಜಾಗ, ಓದುಗರೋ ಹತ್ತು ದಿಕ್ಕಿನಿಂದ ಹುಡುಕಿಕೊಂಡು ಬರುತ್ತಾರೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ವಿಷಯವನ್ನು ಮುಖಮುಖವಾಗಿ ಬಿಡಿಸಿ, ಆ ಮುಖಗಳನ್ನು ಕೂಡಿಸಿಯೇ ಪುಸ್ತಕದ ಸಂಖ್ಯೆ ಕಟ್ಟಿದರು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳು ಅವರವು. ಕಡೆಗೆ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನೂ ಕಟ್ಟಿದರು. ಪ್ರಾಜೆಕ್ಟುಗಳನ್ನು ಎಳೆದಾಡುವ ಯಾರೇ ಆದರೂ ಅವರನ್ನು ಒಮ್ಮೆ ಓದಬೇಕು ಎಂಬುದು ನನ್ನ ಹಂಬಲ.

ಆಸನದಂಥ ತಂತ್ರಾಂಶಗಳಲ್ಲಿ ಒಂದೇ ಕೆಲಸ ಹಲವು ಪ್ರಾಜೆಕ್ಟುಗಳಲ್ಲಿ, ಒಂದೇ ಪ್ರಾಜೆಕ್ಟು ಹಲವು ಪೋರ್ಟ್‌ಫೋಲಿಯೊಗಳಲ್ಲಿ ಇರಬಹುದು. ಅನುಕೂಲವೇ ಸರಿ. ಆದರೂ ಒಂದೇ ತಾಯಿ ಎಂಬ ಕಟ್ಟುಪಾಡು ನನಗೆ ಹಿಡಿಸುತ್ತದೆ, ಯೋಚನೆಗೆ ಹಚ್ಚುತ್ತದೆ. ಭಾಷೆ, ಪ್ರಕಾರ, ವರ್ಷ ಇವನ್ನೆಲ್ಲ ಪ್ರಾಜೆಕ್ಟಿನ ಬೇರೆ ಕಾಲಂಗಳಲ್ಲಿ ತುಂಬಿಸಿದರಾಯಿತು. ‘ತುರ್ತು’ ಎಂಬ ಗುಂಪನ್ನು ಮಾತ್ರ ನಾನು ಮಾಡುವುದಿಲ್ಲ. ತುರ್ತನ್ನು ಹೇಳಲು ಕೆಲಸದ ಗಡುವು ಇದೆ. ‘ಇತರೆ’ಯೂ ಬೇಡ. ಅಲ್ಲಿಗೆ ಹೋದ ಪುಸ್ತಕವನ್ನು ಮತ್ತೆ ಯಾರೂ ವಿಚಾರಿಸುವುದಿಲ್ಲ.

ಆ ವಿಜ್ಞಾನ ನಾಟಕ ಈಗ ಮಕ್ಕಳ ಗುಂಪಿನಲ್ಲಿದೆ. ಅನುವಾದ ಮುಗಿದಿದೆ, ಉಳಿದದ್ದು ಚಿತ್ರಗಳು. ಇನ್ನು ಮೇಲೆ ಅದನ್ನು ದಿನಾ ತೆರೆದು ನೋಡುವವರು ಚಿತ್ರಕಾರರೇ.