ಅರಮನೆ ಸೇರಿದ ಅಟ್ಟದ ಸಾಮಾನು

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಅನ್ನೋ ದೊಡ್ಡ ಬಂಗಲೆ ಇದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದು. ಆದರೆ ಅದಕ್ಕೆ ಹೆಸರು ತಂದದ್ದು ರಾಜರ ಒಡವೆಯಲ್ಲ, ನಮ್ಮಂಥವರ ಮನೆಯ ಸಾಮಾನು.

ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುಮಾಡಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಊರೂರು ತಿರುಗಿ ಸೋಮನ ಮುಖ, ತೊಗಲುಗೊಂಬೆ, ಬೇಸಾಯದ ಸಾಮಾನು, ಅಡುಗೆಮನೆ ಪಾತ್ರೆ ಎಲ್ಲ ತಂದು ಕೂಡಿಸಿದರು. ಸಂಗ್ರಹ ಆರು ಸಾವಿರ ದಾಟಿತು.

ಬಂಗಲೆಗೂ ವಯಸ್ಸಾಯಿತು. ಇನ್ಫೋಸಿಸ್ ಪ್ರತಿಷ್ಠಾನ ಒಮ್ಮೆ ದುರಸ್ತಿ ಮಾಡಿಸಿತು. ವರ್ಷಗಳು ಕಳೆದಂತೆ ಮತ್ತೆ ಶಿಥಿಲವಾಗಿ, ನೋಡಲು ಬರುವವರಿಗೆ ಬಾಗಿಲು ಹಾಕಬೇಕಾಯಿತು.

ಗೋಡೆ ಬಿದ್ದರೆ ದುಡ್ಡು ಹಾಕಿ ಎಬ್ಬಿಸಬಹುದು. ನಮಗೆ ಚಿಂತೆ ಇರೋದು ಬೇರೆ. ಸುದ್ದಿಗೆಂದು ಹಳ್ಳಿ ಸುತ್ತುವಾಗ ನೋಡ್ತೀವಿ, ತೊಟ್ಟಿಮನೆ ಕೆಡವಿದ ಮಾರನೇ ದಿನವೇ ಗುಜರಿ ಗಾಡಿ ಬಂದು ನಿಂತಿರುತ್ತೆ. ಕೊಳಗ ಕೆ.ಜಿ. ಲೆಕ್ಕದಲ್ಲಿ ಹೋಗುತ್ತೆ. 20 ಕೊಳಗಕ್ಕೆ ಒಂದು ಖಂಡುಗ ಅನ್ನೋ ಲೆಕ್ಕ, ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಅನ್ನದೆ ‘ಲಾಭ’ ಅಂತ ಎಣಿಕೆ ಶುರುಮಾಡುತ್ತಿದ್ದ ರೂಢಿ, ಇವು ಗಾಡಿಯಲ್ಲಿ ಹೋಗಲ್ಲ. ಅಜ್ಜಿಯ ಜತೆ ಹೋಗುತ್ತವೆ.

ಹೆಸರು ಗೊತ್ತಿಲ್ಲದ ವಸ್ತು ಅರಮನೆಯಲ್ಲಿದ್ದರೂ ಬರೀ ಮರ, ಬರೀ ತಗಡು.

ನಿಮ್ಮ ಅಟ್ಟದಲ್ಲೂ ಏನೋ ಇರುತ್ತೆ. ಇಳಿಸಿ, ಒರೆಸಿ, ಮನೆಯ ಹಿರಿಯರ ಮುಂದಿಡಿ. ಇದರ ಹೆಸರೇನು, ಮಾಡಿದವರು ಯಾರು, ಹೇಗೆ ಹಿಡೀಬೇಕು ಅಂತ ಕೇಳಿ. ಅವರು ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಾರೋದು, ಇಟ್ಟುಕೊಳ್ಳೋದು ಆಮೇಲೆ ನೋಡಿದರಾಯಿತು.