ಹೆಸರಿದ್ದಲ್ಲಿ ಹಾಸಿಗೆ

ಗೃಹಸ್ಥನ ಅಣುವ್ರತಗಳಿಗೆ ಪರೀಕ್ಷೆ ಒದಗುವುದು ಬಹುಮಟ್ಟಿಗೆ ಅಂಗಡಿಯ ಗಾದಿಯ ಮೇಲೆ, ತಕ್ಕಡಿ ಮತ್ತು ಖಾತೆಪುಸ್ತಕಗಳ ನಡುವೆ ಎಂಬುದು ರೂಢಿಯ ತಿಳುವಳಿಕೆ. ಆದರೆ ಸಂತೋಷಕ್ಕಾಗಿ ಕೈಗೊಂಡ ಪ್ರವಾಸವೊಂದರ ಟಿಕೆಟ್ ತೆಗೆಯುವಾಗಲೂ ಅದೇ ಪರೀಕ್ಷೆ ಎದುರಾಗಬಹುದು. ವಿಜಯಪುರ ಜಿಲ್ಲೆಯ ಒಂದು ಜೈನ ಕುಟುಂಬದಲ್ಲಿ ಹಾಗೆಯೇ ಆಯಿತು. ಪ್ರಶ್ನೆ ನೋಡಲು ಚಿಕ್ಕದು: ಹಡಗಿನ ಪ್ರವಾಸದಲ್ಲಿ ಹದಿವಯಸ್ಸಿನ ಮಕ್ಕಳಿಗೆ ಪ್ರತ್ಯೇಕ ಕೋಣೆ ಕೊಡಬೇಕೇ, ಬೇಡವೇ? ಅದರ ಉತ್ತರವನ್ನು ಹುಡುಕುತ್ತ ಆ ಮನೆಯವರು ತಲುಪಿದ ವಿಚಾರಗಳು ಇತರ ಗೃಹಸ್ಥರಿಗೂ ಉಪಯುಕ್ತವಾದಾವು.

ಈ ಭಾಗದ ಹಳೆಯ ಮನೆಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ಕೋಣೆಯೆಂಬುದೇ ಇರಲಿಲ್ಲ. ಇಂಡಿಯಾಗಲಿ ಮುದ್ದೇಬಿಹಾಳವಾಗಲಿ, ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ ಬೀಳುತ್ತಿದ್ದವು. ಬೇಸಗೆ ಬಂದರೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಯಾತ್ರೆಯಲ್ಲಿಯೂ ಇದೇ ಕ್ರಮ. ಸಮ್ಮೇದ ಶಿಖರಜಿಗೆ ಹೋದವರು ಧರ್ಮಶಾಲೆಯಲ್ಲಿ ಹೆಂಗಸರು ಒಳಗೆ, ಗಂಡಸರು ಹೊರಜಗಲಿಯಲ್ಲಿ ಎಂದು ಹಂಚಿಕೊಂಡು, ನಸುಕಿನಲ್ಲೆದ್ದು 27 ಕಿಲೋಮೀಟರಿನ ವಂದನೆಗೆ ನಡೆಯುತ್ತಿದ್ದರು. 2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಈ ಕುಟುಂಬವೂ ಹೋಗಿತ್ತು. ಅಲ್ಲಿಯ ತಾತ್ಕಾಲಿಕ ಉಪನಗರದಲ್ಲಿ ಮಕ್ಕಳೆಲ್ಲ ಅಜ್ಜನ ಸುತ್ತ ಮಲಗಿದ್ದರು. ಆಗ ಅವರು ಚಿಕ್ಕವರು. ಯಾರೂ ಬಾಗಿಲನ್ನು ಕೇಳಲಿಲ್ಲ.

ಈಗ ಕಾಲ ಬೇರೆ. 2021ರಿಂದ ಮುಂಬೈ ಬಂದರಿನಿಂದ ಗೋವೆ, ಲಕ್ಷದ್ವೀಪ, ಕೊಚ್ಚಿಗಳತ್ತ ವಿಹಾರದ ಹಡಗುಗಳು ನಿಯಮಿತವಾಗಿ ಹೊರಡತೊಡಗಿದ ಮೇಲೆ, ಸಮುದ್ರವನ್ನೇ ಕಾಣದ ಬಯಲುಸೀಮೆಯ ವ್ಯಾಪಾರಿ ಮನೆತನಗಳಲ್ಲಿಯೂ ಹಡಗಿನ ಮಾತು ಕೇಳಿಬರುತ್ತಿದೆ. ಈ ಕುಟುಂಬದ ಹಿರಿಯರು ಎಪ್ಪತ್ತೈದು ದಾಟಿದ ವಿಧುರರು. ಸಿಂದಗಿಯಲ್ಲಿ ಎರಡನೆಯ ಮಗನೊಡನೆ ಇದ್ದಾರೆ. ಹಿರಿಯ ಮಗನದು ಇಂಡಿಯಲ್ಲಿ ಲಿಂಬೆಯ ವ್ಯಾಪಾರ, ಕಿರಿಯನದು ಬಸವನ ಬಾಗೇವಾಡಿಯಲ್ಲಿ ತೊಗರಿ ಬೇಳೆಯ ವ್ಯವಹಾರ. ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದೆ. ನಾಲ್ಕು ಊರಿನ ನಾಲ್ಕು ದಂಪತಿಗಳು, ಆರು ಮೊಮ್ಮಕ್ಕಳು, ಅಜ್ಜ, ಹೀಗೆ ಒಟ್ಟು 15 ಜನ. ಮೊಮ್ಮಕ್ಕಳಲ್ಲಿ ಹಿರಿಯಳಿಗೆ 23 ವರ್ಷ, ಬೆಂಗಳೂರಿನಲ್ಲಿ ನೌಕರಿ. ಉಳಿದವರು 17, 15 ಮತ್ತು 13 ವರ್ಷದ ಗಂಡುಮಕ್ಕಳು. 16 ಮತ್ತು 14 ವರ್ಷದ ಹೆಣ್ಣುಮಕ್ಕಳು. ದಸರೆಯ ರಜೆಯಲ್ಲಿ ಗೋವೆಗೆ ಹೋಗಿ ಮರಳುವ ಮೂರು ರಾತ್ರಿಗಳ ಪಯಣವೆಂದು ನಿಶ್ಚಯವಾಯಿತು.

ಹಡಗಿನ ಸಾಧಾರಣ ಕೋಣೆ ಸುಮಾರು 150 ಚದರ ಅಡಿಯದು. ಕೆಳಗೆ ಎರಡು ಹಾಸಿಗೆ, ಗೋಡೆಯಿಂದ ಇಳಿಸುವ ಎರಡು ಮೇಲಿನ ಹಾಸಿಗೆ. ದರವನ್ನು ಕೋಣೆಗೆ ಇಬ್ಬರೆಂದು ಎಣಿಸಿ ತಲೆಗಿಷ್ಟೆಂದು ಹಾಕುತ್ತಾರೆ. ಮೂರನೆಯ, ನಾಲ್ಕನೆಯ ಪ್ರಯಾಣಿಕನಿಗೆ ದರ ಕಡಿಮೆ. ಆದ್ದರಿಂದ ಲೆಕ್ಕದ ದೃಷ್ಟಿಯಿಂದ ನೋಡಿದರೆ ನಾಲ್ಕು ಕೋಣೆ ಸಾಕಾಗಿತ್ತು. ಪ್ರತಿ ದಂಪತಿಗಳೊಡನೆ ಅವರ ಮಕ್ಕಳು, ಸಿಂದಗಿಯವರೊಡನೆ ಅಜ್ಜ. ಮಕ್ಕಳು ಒಪ್ಪಲಿಲ್ಲ. ಹೆಣ್ಣುಮಕ್ಕಳಿಗೊಂದು, ಗಂಡುಮಕ್ಕಳಿಗೊಂದು ಕೋಣೆ ಬೇಕೆಂದರು. ಕೋಣೆಗಳು ಆರಾಗುತ್ತಿದ್ದವು, ಖರ್ಚೂ ಏರುತ್ತಿತ್ತು.

ಅವರ ಬೇಡಿಕೆಯನ್ನು ಹಟವೆಂದು ತಳ್ಳಿಹಾಕುವಂತಿರಲಿಲ್ಲ. ಹದಿನೇಳರ ಹುಡುಗ ಪಿಯುಸಿಗಾಗಿ ಎರಡು ವರ್ಷದಿಂದ ಧಾರವಾಡದ ವಸತಿನಿಲಯದಲ್ಲಿದ್ದಾನೆ. ವರ್ಷದಲ್ಲಿ ಹತ್ತು ತಿಂಗಳು ತಂದೆತಾಯಿಗಳ ಕಣ್ಣಳತೆಯ ಹೊರಗೆ ಇರುವವನನ್ನು ಮೂರು ರಾತ್ರಿ ನಂಬಲಾಗದು ಎನ್ನುವುದರಲ್ಲಿ ತರ್ಕವಿಲ್ಲ. ಬೆಳೆದ ಹೆಣ್ಣುಮಗಳು ಬಟ್ಟೆ ಬದಲಿಸಲೂ ತಂದೆ ಹೊರಗೆ ಹೋಗುವುದನ್ನು ಕಾಯಬೇಕಾದ ಇಕ್ಕಟ್ಟಿನಲ್ಲಿ ಮರ್ಯಾದೆಯ ರಕ್ಷಣೆಯೂ ಆಗದು. ಆದರೂ ಮುದ್ದೇಬಿಹಾಳದ ಮಗಳಿಗೆ ಅಳುಕು. ಗಂಡುಹುಡುಗರು ಬೇಕಾದರೆ ಬೇರೆ ಇರಲಿ, ಹುಡುಗಿಯರು ತಾಯಂದಿರ ಬಳಿಯೇ ಮಲಗಲಿ ಎಂಬುದು ಅವರ ಮಾತು. ಆಗ ಅವರ ಮಗಳೇ ಅಜ್ಜನನ್ನು ಕೇಳಿದಳು: “ಅಜ್ಜಾ, ಅಣ್ಣಗೊಂದು ಅಳತಿ, ನಮಗೊಂದು ಅಳತಿ ಯಾಕ?” ಐವತ್ತು ವರ್ಷ ಅಂಗಡಿ ನಡೆಸಿದವರಿಗೆ ಎರಡು ಅಳತೆಯ ಮಾತು ನಾಟದೆ ಇರುವುದಿಲ್ಲ. ಕೊಳ್ಳಲೊಂದು, ಮಾರಲೊಂದು ಅಳತೆ ಇಟ್ಟುಕೊಳ್ಳುವುದು ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದು. ಮನೆಯೊಳಗೂ ಅಳತೆ ಒಂದೇ ಇರಬೇಕೆಂದು ಅವರು ಹೇಳಿದ ಮೇಲೆ ಆರು ಕೋಣೆಗಳ ಮಾತು ಗಟ್ಟಿಯಾಯಿತು.

ನಿಜವಾದ ತೊಡಕು ಬಂದದ್ದು ಆಮೇಲೆ. ಅಪ್ರಾಪ್ತ ವಯಸ್ಕರು ಮಲಗುವ ಕೋಣೆಯಲ್ಲಿ ಒಬ್ಬ ವಯಸ್ಕರಿರಬೇಕೆಂಬುದು ಹಡಗು ಕಂಪನಿಗಳ ಸಾಮಾನ್ಯ ನಿಯಮ. ಭಾರತದ ಕಾನೂನಿನಲ್ಲಿ ಪ್ರಾಪ್ತ ವಯಸ್ಸು 18. ಅಮೆರಿಕದ ಕೆಲವು ಕಂಪನಿಗಳು 21 ಎಂದು ಹೇಳುತ್ತವೆ. ಹುಡುಗಿಯರ ಕೋಣೆಗೆ ಅಡ್ಡಿಯಿರಲಿಲ್ಲ, 23ರ ಅಕ್ಕ ಅಲ್ಲಿದ್ದಳು. ಹುಡುಗರ ಕೋಣೆಗೆ ಯಾರು? ಟಿಕೆಟ್ ಮಾಡಿಸುವ ಏಜೆಂಟರು ನಗುತ್ತ ದಾರಿ ತೋರಿದರು. ಹುಡುಗರ ಕೋಣೆಯಲ್ಲಿ ಅಜ್ಜನ ಹೆಸರು ಬರೆಸುವುದು, ಹಡಗು ಹತ್ತಿದ ಮೇಲೆ ಅಜ್ಜ ಸಿಂದಗಿಯ ಮಗನ ಕೋಣೆಯಲ್ಲಿ ಮಲಗುವುದು. ಬಾಗಿಲಿನ ಕಾರ್ಡುಗಳನ್ನು ಅದಲು ಬದಲು ಮಾಡಿಕೊಂಡರೆ ಆಯಿತು, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದರು. ಮಕ್ಕಳಿಗೆ ಹರ್ಷವಾಯಿತು, ತಂದೆಯಂದಿರು ತಲೆದೂಗಿದರು. ಹಿರಿಯರು ಮಾತ್ರ ಒಪ್ಪಲಿಲ್ಲ. “ನನ್ನ ಹೆಸರ ಎಲ್ಲಿ ಬರಿತೀರೋ, ನನ್ನ ಹಾಸಿಗಿ ಅಲ್ಲೇ” ಎಂದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಕೂಟಲೇಖವೆಂದರೆ ಸುಳ್ಳು ಬರಹ. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಒಬ್ಬನು ಆಡದ್ದನ್ನು ಅಥವಾ ಮಾಡದ್ದನ್ನು ಅವನು ಆಡಿದನೆಂದೂ ಮಾಡಿದನೆಂದೂ ವಂಚನೆಗಾಗಿ ಬರೆಯುವುದು, ಅದೂ ಪರರ ಪ್ರೇರಣೆಯಿಂದ ಬರೆಯುವುದು ಎಂದು ಅರ್ಥ ಮಾಡಿದ್ದಾರೆ. ಏಜೆಂಟರ ಸಲಹೆಗೆ ಈ ಲಕ್ಷಣ ಎಷ್ಟು ಸರಿಹೊಂದುತ್ತದೆಂಬುದನ್ನು ವಾಚಕರು ಗಮನಿಸಬೇಕು. ಪರಪ್ರೇರಣೆ ಉಂಟು, ಬರಹ ಉಂಟು, ಮಲಗದವನು ಮಲಗಿದನೆಂಬ ಸುಳ್ಳೂ ಉಂಟು.

ಹದಿನೇಳರ ಮೊಮ್ಮಗ ಸುಮ್ಮನಿರಲಿಲ್ಲ. “ಒಂದ ಹೆಸರ ಬರದ್ರ ಯಾರಿಗೇನ ಲುಕ್ಸಾನ, ಅಜ್ಜಾ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ನಿಯಮವೆಂಬ ಕಾರಣಕ್ಕೆ ನಿಯಮವನ್ನು ಪಾಲಿಸೆಂದರೆ ಆ ವಯಸ್ಸಿನವರಿಗೆ ಸಾಲದು. ಹಡಗಿನ ಕೋಣೆಯ ಪಟ್ಟಿ ಬಾಡಿಗೆಯ ಲೆಕ್ಕಕ್ಕಷ್ಟೇ ಇರುವುದಲ್ಲ. ಅಪಾಯದ ಗಂಟೆ ಬಾರಿಸಿದಾಗ ಯಾವ ಪ್ರಯಾಣಿಕ ಎಲ್ಲಿ ನೆರೆಯಬೇಕು ಎಂಬುದನ್ನು ಕೋಣೆಯನ್ನು ಅನುಸರಿಸಿ ಗೊತ್ತುಪಡಿಸುತ್ತಾರೆ. ಬಾರದವರನ್ನು ಹುಡುಕಲು ಸಿಬ್ಬಂದಿ ಹೋಗುವುದೂ ಪಟ್ಟಿಯಲ್ಲಿರುವ ಕೋಣೆಗೇ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಹಡಗು ಬಂಡೆಗೆ ತಾಗಿ ಒರಗಿತು. ಅದರಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು. 32 ಜನ ಮೃತರಾದರು. ಅಂದು ಹಡಗು ಹತ್ತಿದವರಿಗೆ ಸುರಕ್ಷೆಯ ತಾಲೀಮು ಇನ್ನೂ ಆಗಿರಲಿಲ್ಲ. ಆ ದುರಂತದ ತರುವಾಯ, 2015ರಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ನಡೆಸಬೇಕೆಂಬುದು ಅಂತರರಾಷ್ಟ್ರೀಯ ನಿಯಮವಾಯಿತು. ಅಜ್ಜನ ಹೆಸರು ಹುಡುಗರ ಕೋಣೆಯಲ್ಲಿದ್ದು ಅಜ್ಜ ಬೇರೆಡೆ ಮಲಗಿದ್ದರೆ, ಕತ್ತಲೆಯಲ್ಲಿ ಯಾರೋ ಒಬ್ಬ ಅಪರಿಚಿತ ನೌಕರ ಇಲ್ಲದ ಮುದುಕನನ್ನು ಹುಡುಕುತ್ತ ತನ್ನ ಪ್ರಾಣವನ್ನು ಪಣಕ್ಕಿಡಬೇಕಾದೀತು. ಸುಳ್ಳು ಬರಹದ ಲುಕ್ಸಾನು ಯಾರ ಪಾಲಿಗೆ ಬೀಳುವುದೆಂದು ಬರೆಯುವವನಿಗೆ ಮೊದಲೇ ತಿಳಿಯದು. ಅದನ್ನು ಅತಿಚಾರವೆಂದು ಎಣಿಸಿದ್ದರ ಔಚಿತ್ಯ ಇಲ್ಲಿ ಕಾಣುತ್ತದೆ. ಅಸತ್ಯದ ಬುಡದಲ್ಲಿ ಹಿಂಸೆ ಅಡಗಿರುತ್ತದೆ.

ಹೀಗಾಗಿ ಹುಡುಗಿಯರಿಗೆ ಸ್ವತಂತ್ರ ಕೋಣೆ ದೊರಕಿತು; ಹುಡುಗರ ಕೋಣೆಗೆ ಅಜ್ಜ ನಿಜವಾಗಿಯೇ ಬಂದರು. ಮನೆತನದ ರೂಢಿಗೆ ಇದು ತಲೆಕೆಳಗಾದ ವ್ಯವಸ್ಥೆ. ಹುಡುಗರಿಗೆ ನಿರಾಶೆಯಾದದ್ದನ್ನು ಮುಚ್ಚಿಡಬೇಕಾಗಿಲ್ಲ. ಸತ್ಯಕ್ಕೆ ಬೆಲೆಯಿದೆ, ಆ ಬೆಲೆಯನ್ನು ಈ ಸಲ ಮೂವರು ಹುಡುಗರು ತೆತ್ತರು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಹಡಗಿನಲ್ಲಿ ಹನ್ನೊಂದು ಹನ್ನೆರಡು ಅಂತಸ್ತು, ಊಟದ ಶಾಲೆ, ಈಜುಕೊಳ, ಮದ್ಯದ ಅಂಗಡಿ, ಜೂಜಿನ ಕೋಣೆ ಎಲ್ಲವೂ ಇರುತ್ತವೆ. ಬಾಗಿಲಿನ ಕಾರ್ಡೇ ಖರ್ಚಿನ ಕಾರ್ಡು ಕೂಡ. ಮಕ್ಕಳು ಎಲ್ಲಿಯವರೆಗೆ ತಿರುಗಬಹುದು? ತಂದೆಯಂದಿರು ನಿಯಮಗಳ ಉದ್ದ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದರು. ಹಿರಿಯರು ಅದನ್ನು ಬದಿಗಿರಿಸಿ ದೇಶವ್ರತದ ಅರ್ಥ ಹೇಳಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂಬ ಹೆಸರಿನಲ್ಲಿ ಶಿಕ್ಷಾವ್ರತಗಳ ಮೊದಲಿಗೆ ಬರುವುದು ಇದೇ. ಮನೆ, ಊರು, ಹೊಲ, ನದಿ ಮುಂತಾದವನ್ನು ಗಡಿಯಾಗಿಟ್ಟು, ಇಷ್ಟು ಕಾಲದವರೆಗೆ ಇದರಾಚೆ ಹೋಗೆನೆಂದು ಸ್ವತಃ ಮಿತಿ ಹಾಕಿಕೊಳ್ಳುವುದು ಅದರ ಸ್ವರೂಪ. ಮಿತಿಯನ್ನು ಹಾಕುವವನು ವ್ರತಿಯೇ ಹೊರತು ಕಾವಲುಗಾರನಲ್ಲ. “ನಿಮ್ಮ ಗಡಿ ನೀವ ಬರೀರಿ” ಎಂದು ಹಾಳೆಯನ್ನು ಮಕ್ಕಳ ಕೈಗೆ ಕೊಟ್ಟರು. ಐವರೂ ಕೂಡಿ ಬರೆದರು: ಹೊತ್ತು ಮುಳುಗುವ ಮೊದಲು ಎಲ್ಲರೊಡನೆ ಊಟ, ಮದ್ಯ ಮತ್ತು ಜೂಜಿನ ಎಡೆಗೆ ಕಾಲಿಡುವುದಿಲ್ಲ, ರಾತ್ರಿ ಹತ್ತೂವರೆಗೆ ಕೋಣೆ, ಬೇರೆಯವರನ್ನು ಕೋಣೆಯೊಳಗೆ ಕರೆಯುವುದಿಲ್ಲ. ತಂದೆಯಂದಿರ ಪಟ್ಟಿಯಲ್ಲಿ ಹನ್ನೊಂದರವರೆಗೆ ಸಡಿಲಿಕೆ ಇತ್ತೆಂಬುದು ವಿಶೇಷ. ಗಡಿಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳಿಸುವುದು, ಕೂಗಿ ಕರೆಯುವುದು, ಕಾಣಿಸಿಕೊಂಡು ಸನ್ನೆ ಮಾಡುವುದು, ಕಲ್ಲೆಸೆದು ಸೂಚಿಸುವುದು ಇವು ದೇಶವ್ರತದ ಅತಿಚಾರಗಳೆಂದು ಕೇಳಿದಾಗ, ಹದಿಮೂರರ ಹುಡುಗ ತನ್ನನ್ನು ಆಳಾಗಿ ಕಳಿಸಕೂಡದೆಂದು ಅಣ್ಣಂದಿರಿಗೆ ಮೊದಲೇ ತಾಕೀತು ಮಾಡಿದ.

ಎರಡನೆಯ ರಾತ್ರಿ ಹದಿನೈದರ ಹುಡುಗ ಹತ್ತೂವರೆಗೆ ಬರಲಿಲ್ಲ. ಅಜ್ಜ ಜಪದ ಸರ ಹಿಡಿದು ಕುಳಿತೇ ಇದ್ದರು. ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಹುಡುಗ ಮೇಲಿನ ಅಂತಸ್ತಿನಲ್ಲಿ ಒಬ್ಬನೇ ನಿಂತಿದ್ದನಂತೆ. ಅವನ ಕಣ್ಣು ಕೆಂಪಾಗಿದ್ದವು. ಮಿಕ್ಕ ಇಬ್ಬರು ನಿದ್ರಿಸಿದ್ದರು. ಅಜ್ಜ ಮೊಮ್ಮಗ ಬಹಳ ಹೊತ್ತು ಮೆಲುದನಿಯಲ್ಲಿ ಮಾತನಾಡಿದರು. ಮರುದಿನ ಬೆಳಿಗ್ಗೆ ಸೊಸೆಗೆ ಸುಳಿವು ಸಿಕ್ಕು, ಏನಾಯಿತೆಂದು ಮಾವನವರನ್ನು ಕೇಳಿದರು. “ಅಂಜೂ ಮಾತಲ್ಲವ್ವಾ. ಅಂವ ಹೇಳೂವಾಗ ಕೇಳು” ಎಂದಷ್ಟೇ ಉತ್ತರ ಬಂದಿತು. ಉಪಾಹಾರದ ವೇಳೆಗೆ ಹುಡುಗ ತಡವಾಗಿ ಬಂದದ್ದನ್ನು ತಾನಾಗಿಯೇ ಎಲ್ಲರೆದುರು ಹೇಳಿದ. ಆ ದಿನ ಒಂಬತ್ತಕ್ಕೇ ಕೋಣೆ ಸೇರಿದ. ರಾತ್ರಿ ಆಡಿದ ಮಾತು ಮಾತ್ರ ಆ ಇಬ್ಬರಲ್ಲಿಯೇ ಉಳಿದಿದೆ, ಇಲ್ಲಿಯೂ ಅದಕ್ಕೆ ಎಡೆಯಿಲ್ಲ.

ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳು ಕೂಟಲೇಖದ ಪಂಕ್ತಿಯಲ್ಲಿಯೇ ಇರುವುದನ್ನು ಇಲ್ಲಿ ನೆನೆಯಬೇಕು. ಮೊದಲನೆಯದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಸ್ತ್ರೀಪುರುಷರ ಏಕಾಂತವನ್ನು ಬಯಲು ಮಾಡುವುದು. ಎರಡನೆಯದು ಪರರ ಮುಖಭಾವ, ಸನ್ನೆಗಳಿಂದ ಊಹಿಸಿದ ಗುಟ್ಟನ್ನು ಹೊರಗೆಡಹುವುದು. ಸುಳ್ಳು ಬರೆಯುವವನಂತೆಯೇ, ಮತ್ತೊಬ್ಬರ ಏಕಾಂತದ ನಿಜವನ್ನು ಸಾರುವವನೂ ಸತ್ಯವ್ರತಕ್ಕೆ ಕಳಂಕ ತರುತ್ತಾನೆ. ಮಕ್ಕಳ ಮೊಬೈಲನ್ನು ಕದ್ದು ಓದಿ ಬಂಧುಗಳ ಮುಂದೆ ಹೇಳಿಕೊಂಡು ನಗುವ ತಂದೆತಾಯಿಗಳು ಇದನ್ನು ವಿಚಾರಿಸಬೇಕು. ಮಗುವಿನ ಜೀವಕ್ಕೋ ಶೀಲಕ್ಕೋ ಅಪಾಯವಿದ್ದರೆ ಅಡಗಿಸುವುದು ತಪ್ಪು. ಆಗ ತಿಳಿಸಬೇಕಾದವರಿಗೆ ತಿಳಿಸುವುದೇ ದಯೆ. ಅಪಾಯವಿಲ್ಲದ ಅಳಲು ಮಾತ್ರ ನಂಬಿ ಒಪ್ಪಿಸಿದ ಒತ್ತೆಯಿದ್ದಂತೆ. ಒತ್ತೆಯನ್ನು ಹಿಂದಿರುಗಿಸುವ ಕಾಲದವರೆಗೆ ಜೋಪಾನ ಮಾಡುವುದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲ.

ಪ್ರಾಪ್ತ ವಯಸ್ಸನ್ನು ಕಾನೂನು 18 ಎನ್ನುತ್ತದೆ, ಕೆಲವು ಹಡಗುಗಳು 21 ಎನ್ನುತ್ತವೆ. ಜಿನಾಗಮದಲ್ಲಿ ಎಂಟು ವರ್ಷ ತುಂಬಿದ ಬಾಲಕನೂ ವ್ರತಕ್ಕೆ ಅರ್ಹನೆಂದು ಹೇಳಿದೆ. ಇವುಗಳಲ್ಲಿ ವಿರೋಧವಿಲ್ಲ. ಹೊರಗಿನ ರಕ್ಷಣೆಯ ಹೊಣೆ ಹಿರಿಯರದು, ಅದಕ್ಕೆ ವಯಸ್ಸಿನ ಲೆಕ್ಕ ಬೇಕು. ಮನಸ್ಸು, ಮಾತು, ಶರೀರಗಳನ್ನು ಕಾಯುವ ಗುಪ್ತಿ ಅವರವರದೇ. ಅದರ ಅಭ್ಯಾಸಕ್ಕೆ ಎಳವೆಯೇ ಸುಕಾಲ. ಕೋಣೆಗೆ ಬಾಗಿಲು ಕೊಡಬೇಕೇ ಎಂದು ಕೇಳುವ ತಂದೆತಾಯಿಗಳು, ಬಾಗಿಲಿನೊಳಗೆ ತನ್ನನ್ನು ತಾನು ಕಾಯ್ದುಕೊಳ್ಳುವ ಅಭ್ಯಾಸವನ್ನು ಮಗುವಿಗೆ ಮನೆಯಲ್ಲಿ ಮಾಡಿಸಿದೆವೇ ಎಂದು ಮೊದಲು ಕೇಳಿಕೊಳ್ಳಲಿ. ಆ ಅಭ್ಯಾಸವನ್ನು ಕೊಡುವಾಗ ಟಿಕೆಟ್ಟಿನ ಮೇಲೆ ಸುಳ್ಳು ಹೆಸರು ಬರೆದರೆ, ಹೇಳಿದ ಪಾಠವನ್ನು ಬಿಟ್ಟು ಬರೆದ ಪಾಠವನ್ನೇ ಮಕ್ಕಳು ಕಲಿಯುತ್ತಾರೆ.