ಜಾಂಬವಂತನ ಕುಲದ ಸುಗ್ಗಿ

ವಿಜಯಪುರದ ಪಕ್ಕದ ತೊರವಿ ಎಂದರೆ ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ ಹುಟ್ಟಿದ ಊರು. ಆ ಕಥೆಯ ಜಾಂಬವಂತನ ಕುಲದವರನ್ನು ಕಾಣಬೇಕಾದರೆ ಹಂಪಿಯಿಂದ ಸುಮಾರು 15 ಕಿ.ಮೀ. ದೂರದ ದರೋಜಿಗೆ ಹೋಗಬೇಕು. ಅಲ್ಲಿನ ಕುರುಚಲು ಕಾಡು, ಬಂಡೆಗುಡ್ಡಗಳು 1994ರಲ್ಲಿ ಕರಡಿಧಾಮವಾದವು.

ಚಳಿಗಾಲಕ್ಕೆ ಬೋರೆಹಣ್ಣು, ಬೇಸಿಗೆಗೆ ಕಕ್ಕೆಕಾಯಿಯ ತಿರುಳು ಕರಡಿಗೆ ಪ್ರಿಯ. ಮಳೆ ಬಿದ್ದು ಹುತ್ತದ ಮಣ್ಣು ಮೆತ್ತಗಾದರೆ ಗೆದ್ದಲಿನ ಸುಗ್ಗಿ! ಉದ್ದ ಉಗುರುಗಳಿಂದ ಹುತ್ತ ಅಗೆದು, ಧೂಳು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇಲ್ಲದಿರುವುದೇ ಇದಕ್ಕೆ ಅನುಕೂಲ. ತಿಂದ ಹಣ್ಣಿನ ಬೀಜ ಹಿಕ್ಕೆಯೊಡನೆ ಬಿದ್ದು ಬೇರೆಡೆ ಮೊಳೆಯುತ್ತದೆ.

ಇಂಥ ಗಿಡಗಳನ್ನು ಕಡಿದು, ಹುತ್ತಗಳನ್ನು ನೆಲಸಮ ಮಾಡಿದರೆ ಹಸಿದ ಕರಡಿ ಹೊಲಕ್ಕೆ ನುಗ್ಗದೆ ಇನ್ನೇನು ಮಾಡೀತು?